ಚಲುವರಾಜು ಕಳೆದುಕೊಂಡ ಎರಡು ವರ್ಷ

ಪೊಲೀಸ್ ಕೆಲಸಕ್ಕೆ ಜನ ಬೇಕು ಎಂಬ ಸುದ್ದಿ ಬಂದಾಗಲೆಲ್ಲ ಜರಗನಹಳ್ಳಿಯವರು ಮೊದಲು ನೋಡುತ್ತಿದ್ದುದು ಕೆಂಪಕ್ಕನ ಮಗ ಚಲುವರಾಜುವನ್ನು. ಆರಡಿ ಆಳು, ಅಗಲವಾದ ಎದೆ, ಎಸ್ಸೆಸ್ಸೆಲ್ಸಿ ಪಾಸು. ಹಿಂದೆ ಎರಡು ಸಲ ಹೋಗಿದ್ದ. ಒಂದು ಸಲ ಓಟದಲ್ಲಿ ಹಿಂದೆ ಬಿದ್ದ, ಇನ್ನೊಂದು ಸಲ ಬರೆಯುವ ಪರೀಕ್ಷೆ ಕೈಕೊಟ್ಟಿತು. ಈ ಸಲ ಎಲ್ಲಕ್ಕೂ ತಯಾರಾಗಿ ಹೊರಟಿದ್ದ.

ಅದು 1985ನೇ ಇಸವಿ. ಜೆ.ಪಿ. ನಗರದ ಕಟ್ಟಡ ಕೆಲಸದಲ್ಲಿ ದಿನವೆಲ್ಲ ಜಲ್ಲಿ, ಮರಳು ಹೊತ್ತು ಕೆಂಪಕ್ಕ ಸಂಜೆ ಮನೆಗೆ ಬಂದಾಗ ಮಗ ಜಗಲಿಯ ಮೇಲೆ ಸುಮ್ಮನೆ ಕೂತಿದ್ದ.

"ಓಡುಸ್ಲೂ ಇಲ್ಲ, ಎದೆ ಅಳೀಲೂ ಇಲ್ಲ ಕಣಮ್ಮ. ವಯಸ್ಸು ಜಾಸ್ತಿಯಂತೆ. ನಾಲ್ಕು ತಿಂಗಳು."

"ನಿಂಗಿನ್ನೂ ಇಪ್ಪತ್ಮೂರು ಕಣೋ!"

"ಸರ್ಟಿಫಿಕೇಟಲ್ಲಿ ಇಪ್ಪತ್ತೈದು ದಾಟೈತೆ. ಇಪ್ಪತ್ತೈದರ ಒಳಗೇ ಇರ್ಬೇಕಂತೆ."

ಆ ಎರಡು ವರ್ಷ ಎಲ್ಲಿಂದ ಬಂತು ಎಂದು ಕೆಂಪಕ್ಕ ಯಾರನ್ನೂ ಕೇಳಬೇಕಾಗಿರಲಿಲ್ಲ. ಸೇರಿಸಿದವಳು ಅವಳೇ.

ಆಗ ಅವಳು ರಾಗಿ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದಳು. ನಾಲ್ಕು ವರ್ಷದ ಚಲುವರಾಜುವನ್ನು ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಶಾಲೆಗೆ ಸೇರಿಸಿದರೆ ಹಗಲು ಕಳೆಯುತ್ತದೆ ಎಂದುಕೊಂಡಳು. ಮೇಷ್ಟ್ರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ ನೋಡಿದರು. ಉದ್ದ ಕೈಯ ಹುಡುಗ, ಸಲೀಸಾಗಿ ಮುಟ್ಟಿತು. "ಆರು ತುಂಬಿದೆಯೇನಮ್ಮ?" ಎಂದರು. "ಹೂಂ ಸ್ವಾಮಿ" ಅಂದುಬಿಟ್ಟಳು. ಹೊಲಕ್ಕೆ ಹೊತ್ತಾಗಿತ್ತು, ಪಾಪ.

ಪಕ್ಕದ ಮನೆಯ ವೆಂಕಟಸ್ವಾಮಿ ಪೊಲೀಸ್ ಇಲಾಖೆಯಲ್ಲಿ ದಫೇದಾರರಾಗಿ ರಿಟೈರಾದವರು. ಸುದ್ದಿ ತಿಳಿದು ಬಂದು ಕೂತರು.

"ಆಳು ನೋಡಿದ್ರೆ ಗೊತ್ತಾಗಲ್ವಾ ದಫೇದಾರಣ್ಣ?" ಎಂದ ಕೆಂಪಕ್ಕನ ಗಂಡ ಚಿನ್ನಪ್ಪ.

"ಆಳು ನೋಡಿ ಸೇರ್ಸ್ಕೊಳೋ ಕಾಲ ಅಲ್ಲ ಚಿನ್ನಪ್ಪ. ಓದು, ಎತ್ತರ, ಎದೆ, ವಯಸ್ಸು, ಒಂದೊಂದಕ್ಕೂ ರೂಲ್ಸ್ ಐತೆ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಕಾಗದದಲ್ಲಿರೋದೇ ಆಧಾರ."

"ಯಾರ್ಗಾದ್ರೂ ಹೇಳಿ ಅದನ್ನೇ ತಿದ್ದುಸ್ಬಿಟ್ರೆ?"

"ತಿದ್ದಿದ ಕಾಗದ ಹಿಡ್ಕೊಂಡು ಪೊಲೀಸ್ ಸೇರಕ್ಕೆ ಹೋದ್ರೆ ಒಳಗೆ ಹಾಕ್ತಾರೆ, ಕೆಲಸಕ್ಕಲ್ಲ!"

"ನ್ಯಾಯವಾಗೇ ಸರಿ ಮಾಡಕ್ಕಾಗಲ್ವಾ?" ಕೆಂಪಕ್ಕ ಕೇಳಿದಳು.

"ಕೋರ್ಟಿಗೆ ಹೋಗ್ಬೇಕು. ಅಲ್ಲಿ ಹುಟ್ಟಿದ ದಾಖಲೆ ಕೇಳ್ತಾರೆ. ಇವನು ಹುಟ್ಟಿದಾಗ ಬರೆಸಿದ್ರಾ?"

ಬರೆಸಿರಲಿಲ್ಲ. ಆಗ ಊರಲ್ಲಿ ಯಾರು ಬರೆಸುತ್ತಿದ್ದರು?

ಮಗ ಒಂದು ಸಲ ಬೈದಿದ್ದರೂ ಕೆಂಪಕ್ಕನಿಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು. ಒಳಗೆ ಮಗಳು ನಾರಾಯಣಮ್ಮನ ಕೂಸು ಅಳತೊಡಗಿತು. ಮನೆಯಲ್ಲೇ ಹುಟ್ಟಿ ಐದು ದಿನವಾಗಿತ್ತು.

"ಈ ಮಗೂನ ಬರೆಸಿದ್ರಾ?" ವೆಂಕಟಸ್ವಾಮಿ ಕೇಳಿದರು.

"ನಾಮಕರಣ ಆಗ್ಲಿ ಅಂತ ಬಿಟ್ಟಿದ್ದೀವಿ."

"ಹೆಸರಿಗೆ ಕಾಯೋದೇನೂ ಬೇಡ. ಹುಟ್ಟಿದ್ದನ್ನ ಮೊದಲು ಬರೆಸಿ, ಹೆಸರು ಆಮೇಲೆ ಸೇರಿಸಬಹುದು. ಗ್ರಾಮಲೆಕ್ಕಿಗರ ಹತ್ರ ಹೋದ್ರಾಯ್ತು."

ಚಿನ್ನಪ್ಪನಿಗೆ ಥಟ್ಟನೆ ಬುದ್ಧಿ ಓಡಿತು. "ಅಂಗಾದ್ರೆ ಬರೋ ವರ್ಷ ಹೋಗಿ, ಇದು ಆಗ್ಲೇ ಹುಟ್ಟಿದ್ದು ಅಂತ ಬರೆಸೋಣ. ಮುಂದೆ ಕೆಲಸಕ್ಕೆ ವಯಸ್ಸು ಉಳಿಯುತ್ತೆ!"

ದಫೇದಾರರು ಹಣೆ ಹಣೆ ಚಚ್ಚಿಕೊಂಡರು. "ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಅಂಗೆ ಮಾಡಿದ್ರೆ ಶಾಲೆಗೆ ತಡ, ಓಟು ಹಾಕಕ್ಕೆ ತಡ, ಕೆಲಸಕ್ಕೂ ತಡ. ಕೂಡಿಸಿದ್ರೂ ತೊಂದರೆ, ಕಳೆದ್ರೂ ತೊಂದರೆ."

"ಸಾಕು ಬಿಡಿ," ಎಂದಳು ಕೆಂಪಕ್ಕ ಗಂಡನಿಗೆ. "ನನ್ನ ಬಾಯಿಂದ ಒಂದು ಮಗು ಕೆಟ್ಟಿದ್ದು ಸಾಲ್ದಾ? ನಾಳೆ ಕೆಲಸಕ್ಕೆ ಹೋಗಲ್ಲ. ಬರೆಸಿಬರ್ತೀನಿ."

ಚಿನ್ನಪ್ಪ ಗಡ್ಡ ಕೆರೆದುಕೊಂಡ. "ನಾನೂ ಬತ್ತೀನಿ," ಎಂದ.

"ನಿನ್ನ ಮೇಲೆ ಕೋಪ ಇಲ್ಲಮ್ಮ," ಎಂದ ಚಲುವರಾಜು ಜಗಲಿಯಿಂದ ಎದ್ದು. "ಬರೆಯೋದಕ್ಕೆ ನಾನೂ ಬರ್ತೀನಿ. ದಿನ, ಇಸವಿ ಎಲ್ಲಾ ಓದಿ ನೋಡ್ತೀನಿ."

ಬೆಳಿಗ್ಗೆ ಮೂವರೂ ಹೋಗಿ ಬರೆಸಿದರು. ಚಲುವರಾಜು ಪುಸ್ತಕದ ಮೇಲೆ ಬಗ್ಗಿ ಎರಡೆರಡು ಸಲ ಓದಿದ. ಅವನು ಪೊಲೀಸ್ ಆಗಲೇ ಇಲ್ಲ. ಆಮೇಲೆ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕೂಸು ಹುಟ್ಟಿದ್ದರೆ ನಾಳೆ, ನಾಡಿದ್ದು ಅನ್ನಬೇಡಿ. ಹಳ್ಳಿಯಲ್ಲಿ ಗ್ರಾಮಲೆಕ್ಕಿಗರ ಬಳಿ, ಪಟ್ಟಣದಲ್ಲಿ ಪುರಸಭೆ ಇಲ್ಲವೆ ಕಾರ್ಪೊರೇಷನ್ ಕಚೇರಿಯಲ್ಲಿ ಬರೆಸಿ. ಶಾಲೆಗೆ ಸೇರಿಸುವ ದಿನವೂ ಅದೇ ತಾರೀಖು ಹೇಳಿ. ನಮ್ಮ ಒಂದು ದಿನದ ಅವಸರಕ್ಕೆ ಹೇಳಿದ ಸುಳ್ಳನ್ನು ಮಕ್ಕಳು ಬದುಕಿರುವವರೆಗೂ ಹೊರಬೇಕಾಗುತ್ತದೆ. ಬೆಳೆದ ಮಗನ ಮುಖ ನೋಡಲಾಗದೆ ತಲೆ ತಗ್ಗಿಸಿ ಕೂರುವ ಕಷ್ಟ ನಿಮಗೆ ಬೇಡ.