ಹೊಸತೊಡಕಿನ ಗರುಡ ಗಣತಿ

ಹೆಬ್ಬಗೋಡಿ ಪಕ್ಕದ ಆ ಕೆರೆಯ ನೊರೆ ಎಷ್ಟು ಗಟ್ಟಿಯೆಂದರೆ, ಕೊಕ್ಕರೆ ಅದರ ಮೇಲೆ ನಿಂತು ಒಂದು ನಿದ್ದೆ ತೆಗೆದು ಹೋಗುತ್ತಿತ್ತು. ಅಂಥ ಕೆರೆಗೆ ಕಂಪನಿಯೊಂದು ಎರಡು ಗರುಡಗಳನ್ನು ತಂದು ಬಿಟ್ಟಿತು. ಕಾಲಿಗೆ ಹಳದಿ ಬಳೆ, ಕಾವಲಿಗೆ ಕೊಪ್ಪಳ ಕಡೆಯ ಸಂಗಣ್ಣ.

"ಅವು ತಾವೇ ಮೀನು ಹಿಡ್ದು ಬದುಕ್ಬೇಕು," ಎಂದರು ಕಂಪನಿಯ ದಿವ್ಯಾ ಮೇಡಂ. "ಯುಗಾದಿ ಮಾರನೇ ದಿನ ಪುಣೆಯಿಂದ ಸಾಹೇಬ್ರು ಪಕ್ಷಿ ನೋಡೋಕೆ ಬರ್ತಾರೆ. ಎರಡೂ ಕಂಡ್ರೆ ನಿನ್ ಕೆಲ್ಸ ಪರ್ಮನೆಂಟು. ಇಲ್ಲಾಂದ್ರೆ..."

ಮೇಡಂ ಎದುರಿನ ಕಟ್ಟಡದ ಕಡೆ ನೋಡಿದರು. ಸಂಗಣ್ಣ ಮೊನ್ನೆಮೊನ್ನೆವರೆಗೂ ಅಲ್ಲೇ ಇಟ್ಟಿಗೆ ಹೊತ್ತವನು.

ನೊರೆಯಲ್ಲಿ ಮೀನೆಲ್ಲಿ ಬಂತು? ಅವನು ದಿನಾ ಒಂಬತ್ತಕ್ಕೆ ಮುನಿಯಣ್ಣನ ಅಂಗಡಿಯ ಕೋಳಿ ಕರುಳು ತಂದು ಸೈಕಲ್ ಬೆಲ್ ಬಾರಿಸುತ್ತಿದ್ದ. ಗರುಡಗಳು ಬಂದು, ತಿಂದು, ಮರ ಹತ್ತಿ ಗಂಭೀರವಾಗಿ ಕೂರುತ್ತಿದ್ದವು.

ಆ ದಿನ ಸಾಹೇಬರು ಎಲೆಬಣ್ಣದ ಟೋಪಿ ಹಾಕಿಕೊಂಡು ಬಂದರು. ಸಂಗಣ್ಣ ಹೆಬ್ಬೆರಳು ಬಾತುಕೊಳ್ಳುವವರೆಗೆ ಬೆಲ್ ಬಾರಿಸಿದ. ಒಂದು ಕಾಗೆ ಬಂತು, ಅದೂ ಬೇಜಾರಿನಿಂದ ಹೋಯಿತು.

ಸೈಕಲ್ ಹತ್ತಿ ಹುಡುಕುತ್ತಾ ಹೊರಟರೆ, ಬಾಡಿಗೆ ಮನೆ ಮಾಲೀಕ ರಾಮಾಂಜಿನಪ್ಪನ ಅಂಗಳದ ಮೇಲೇ ಗರುಡಗಳು ಸುತ್ತುತ್ತಿದ್ದವು. ಕೆಳಗೆ ಮುತ್ತುಗದೆಲೆಯ ಮೇಲೆ ಗುಡ್ಡೆಗುಡ್ಡೆ ಕುರಿ ಮಾಂಸ.

"ಇದೇನ್ರೀ ಮಾಲಕ್ರ, ಹಬ್ಬ ನಿನ್ನೇನ ಮುಗೀತಲ್ರೀ?"

"ಒಸತೊಡಕು ಕಣ್ಲಾ! ಯುಗಾದಿ ಮಾರ್ನೆ ದಿನ ಬಾಡು ಬೇಯ್ಸ್ದೆ ಇರೋ ಮನೆ ಐತಾ ಇಲ್ಲಿ? ನಿಮ್ ಕಡೆ ಇಲ್ವಾ?"

"ಇಲ್ರೀ."

"ಮತ್ಯಾಕ್ಲಾ ಬದ್ಕಿದೀರ?"

ಮೊಟ್ಟೆಯನ್ನೂ ಮುಟ್ಟದ ಮೇಡಂಗೂ ಇದು ಗೊತ್ತಿರಲಿಲ್ಲ. ಸಂಗಣ್ಣ ಕೈಮುಗಿದು ಒಂದು ಗುಡ್ಡೆ ಬೇಡಿದ, ಬುಟ್ಟಿಯಲ್ಲಿಟ್ಟ, ಬೆಲ್ ಬಾರಿಸುತ್ತಾ ಕೆರೆ ಕಡೆ ಸೈಕಲ್ ತುಳಿದ. ಗರುಡಗಳು ಹಿಂದೆ ಬಂದವು. ಅವುಗಳ ಹಿಂದೆ ಊರ ಹದ್ದುಗಳೆಲ್ಲಾ ಬಂದವು. ಬಿಸಿಲು ಮುಚ್ಚಿ, ಹೊಸೂರು ರಸ್ತೆಯ ಲಾರಿಗಳು ಹಗಲಲ್ಲೇ ಲೈಟು ಹಾಕಿದವು.

ಸಾಹೇಬರು ಎಣಿಸಿದರು. ಇನ್ನೂರಾ ನಾಲ್ಕು! ಬಿಟ್ಟದ್ದು ಎರಡು, ಒಂದೇ ತಿಂಗಳಲ್ಲಿ ಎಂಥ ಸಂತಾನ!

"ಮೇಡಂ, ಅವು ಹದ್ದು ರೀ..."

"ಸುಮ್ನಿರಪ್ಪ," ಎಂದು ಮೇಡಂ ಹಲ್ಲು ಕಚ್ಚಿದರು.

ಸಾಹೇಬರು ಸಂಗಣ್ಣನ ಬೆನ್ನು ತಟ್ಟಿ, ಕೆಲಸ ಅಲ್ಲೇ ಖಾಯಂ ಮಾಡಿದರು. ಜೊತೆಗೆ ಒಂದು ಹುಕುಂ: ಸೋಮವಾರದೊಳಗೆ ಮಿಕ್ಕ ಇನ್ನೂರಾ ಎರಡಕ್ಕೂ ಇವನೇ ಹಳದಿ ಬಳೆ ತೊಡಿಸಬೇಕು.

ಸಂಗಣ್ಣ ಆಕಾಶ ನೋಡಿದ. ಆಮೇಲೆ ಎದುರಿನ ಕಟ್ಟಡ ನೋಡಿದ. ಇಟ್ಟಿಗೆಗೆ ಕೊಕ್ಕಿಲ್ಲ ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು.