ಕಣ್ಣೆದುರಿನ ತುತ್ತು

ಗಂಟಲಿನ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ ಡೊನಾಟೊ ಬಾಯಿಯಿಂದ ಏನನ್ನೂ ತಿನ್ನುವಂತಿರಲಿಲ್ಲ. ಹೊಟ್ಟೆಗೆ ಕೊಳವೆ ಹಾಕಿದ್ದರು. ಹೆಂಡತಿ ಲೊರೇನ್ ಅದರೊಳಗೆ ಹಾಲಿನಂಥದ್ದೇನನ್ನೋ ಬಿಡುತ್ತಿದ್ದಳು. ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಇಳಿಯುತ್ತದೆ, ನೀರನ್ನೂ ಕೊಡಬೇಡಿ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು.

ದಕ್ಷಿಣ ಫಿಲಡೆಲ್ಫಿಯಾದ ನಮ್ಮ ಕೇರಿಯಲ್ಲಿ ಅವನನ್ನು ಅರಿಯದವರಿಲ್ಲ. ಜೀವನವಿಡೀ ಸಿಟಿ ಬಸ್ಸು ಓಡಿಸಿದವನು. ಸಿಗ್ನಲ್ಲಿನಲ್ಲಿ ನಿಂತಾಗಲೂ ಒಂದು ಕೈಯಲ್ಲಿ ತಿಂಡಿ ಹಿಡಿದಿರುತ್ತಿದ್ದ. ಅಂಥ ದೇಹ ಬೇಸಿಗೆ ಕಳೆಯುವಷ್ಟರಲ್ಲಿ ಗೂಟಕ್ಕೆ ಅಂಗಿ ತೊಡಿಸಿದ ಹಾಗಾಯಿತು.

ಲೊರೇನ್ ಆಸ್ಪತ್ರೆಯೊಂದರ ಲಾಂಡ್ರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಡೊನಾಟೊನ ತಂಗಿ ಮೇನಾ ಬಂದು ಜೊತೆಗಿರುತ್ತಿದ್ದಳು. ಮದುವೆಯಾಗದ ಹೆಂಗಸು. ಮನೆಯಲ್ಲೇ ಕೂತು ಮದುವಣಗಿತ್ತಿಯರ ಉಡುಪು ಹೊಲಿಯುತ್ತಿದ್ದಳು. ಹೊಲಿಗೆಯನ್ನು ಅಣ್ಣನ ಮನೆಗೇ ತರುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವನು ತನ್ನ ಒಡಕು ದನಿಯಲ್ಲಿ ಅಂದ, "ಏಳೇ ಮೇನಾ, ಕಾರಂಜಿ ಹತ್ರ ಹೋಗೋಣ. ಹಾದೀಲಿ ಒಂದು ಪೋರ್ಕ್ ಸ್ಯಾಂಡ್‌ವಿಚ್ ಕಟ್ಟಿಸ್ಕೊ."

"ಯಾರಿಗೆ?"

"ನಿಂಗೆ. ನಂಗೇನು ಪೋಪ್ ಅಪ್ಪಣೆ ಕೊಟ್ಟಿದಾನಾ?"

ಮೂಲೆಯ ಅಂಗಡಿಯಲ್ಲಿ ಕೂರಲು ಜಾಗವಿಲ್ಲ. ಎಲ್ಲರೂ ಕಾಗದದಲ್ಲಿ ಸುತ್ತಿಸಿಕೊಂಡು ಕಾರಂಜಿಯ ಸುತ್ತಲಿನ ಬೆಂಚುಗಳಿಗೆ ಬರುತ್ತಾರೆ. ಉದ್ದನೆಯ ಬನ್ನು, ಅದರೊಳಗೆ ತೆಳ್ಳಗೆ ಕೊಯ್ದ ಹಂದಿಮಾಂಸ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಕಹಿ ಸೊಪ್ಪು, ಮೂಗಿಗೆ ಹೊಡೆಯುವ ಹಳೇ ಚೀಸು. ಮೇನಾ ಅದನ್ನು ಮಡಿಲಲ್ಲಿ ಬಿಚ್ಚಿದಳೇ ಹೊರತು ಬಾಯಿಗೆ ಇಡಲಾರದೆ ಹೋದಳು.

"ಆರೋಗುತ್ತೆ. ತಿನ್ನು," ಅಂದ ಅಣ್ಣ. "ಮುಂದಕ್ಕೆ ಬಗ್ಗು. ರಸ ಎಲ್ಲಾ ಲಂಗದ ಮೇಲೆ ಸುರೀತದೆ."

ಅವಳು ಕಚ್ಚಿದಳು. ಅಣ್ಣನ ಕಾಯಿಲೆ ಶುರುವಾದಂದಿನಿಂದ ನಿಂತಲ್ಲೇ ಏನನ್ನಾದರೂ ಗಂಟಲಿಗೆ ತುರುಕಿಕೊಂಡು ದಿನ ದೂಡಿದ್ದಳು. ಎರಡನೇ ತುತ್ತಿಗೆ ಹಸಿವು ಭಗ್ಗೆಂದು ಎದ್ದಿತು. ನಾಚಿಕೆಯೂ ಆಯಿತು, ಆದರೆ ಕೈ ನಿಲ್ಲಲಿಲ್ಲ. ಅವನು ಅವಳ ದವಡೆಯನ್ನೇ ನೋಡುತ್ತಿದ್ದ.

"ಸೊಪ್ಪಿಗೆ ಬೆಳ್ಳುಳ್ಳಿ ಸಾಕಷ್ಟು ಹಾಕಿದಾರಾ?"

"ಹಾಕಿದಾರೆ. ಉಪ್ಪು ಒಂಚೂರು ಮುಂದಾಗಿದೆ."

"ಮುಂದಿರಬೇಕು. ನಿನ್ ನಾಲಗೆಗೇನು ಗೊತ್ತು, ಚರ್ಚಿನ ಸಪ್ಪೆ ರೊಟ್ಟಿ ತಿಂದು ಬೆಳೆದೋಳು."

ಪಕ್ಕದ ಬೀದಿಯ ಮುದುಕಿ ಮಿಸೆಸ್ ಡಿಲೂಕಾ ತರಕಾರಿ ಚೀಲ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತಳು. "ಅವನ ಕಣ್ಣೆದುರೇ ತಿಂತೀಯಲ್ಲೇ ಮೇನಾ, ಗಂಟಲಲ್ಲಿ ಹ್ಯಾಗೆ ಇಳಿಯುತ್ತೆ?"

ಡೊನಾಟೊ ಉತ್ತರ ಕೊಟ್ಟ. "ಅವಳ ಗಂಟಲು ಚೆನ್ನಾಗೇ ಇದೆ ಮಿಸೆಸ್ ಡಿಲೂಕಾ. ಕೆಟ್ಟಿರೋದು ನಂದು. ನೀವು ಮನೆಗೆ ಹೋಗಿ."

ಆಮೇಲೆ ಅದು ರೂಢಿಯಾಯಿತು. ಬಿಸಿಲಿದ್ದ ದಿನವೆಲ್ಲ ಇಬ್ಬರೂ ಬೆಂಚಿಗೆ ಬರುತ್ತಿದ್ದರು. ಲೊರೇನ್‌ಗೆ ಸುದ್ದಿ ಮುಟ್ಟದೆ ಇರಲಿಲ್ಲ. "ಅವನು ನೋಡ್ತಾ ಕೂರೋದು ಬೇರೆ. ಕೈಗೆ ಮಾತ್ರ ಕೊಡಬೇಡ," ಎಂದು ನಾದಿನಿಗೆ ಹೇಳಿದಳು. "ನನ್ನ ಹತ್ರ ದಿನಾ ರಾತ್ರಿ ಬೇಡ್ತಾನೆ, ಒಂದು ತುತ್ತು ಅಂತ. ಇಲ್ಲ ಇಲ್ಲ ಅಂದೂ ಅಂದೂ ನನ್ನ ಬಾಯಿ ಸೋತಿದೆ." ಕೊಡುವುದಿಲ್ಲ ಎಂದು ಮೇನಾ ಮಾತು ಕೊಟ್ಟಳು. ಆ ಮಾತಿಗೆ ಅವಳು ತಪ್ಪಲೂ ಇಲ್ಲ.

ಅಕ್ಟೋಬರಿನ ಕೊನೆಗೆ ಗಾಳಿ ತಣ್ಣಗಾಯಿತು. ಆ ದಿನ ಬೆಂಚಿನ ಮೇಲೆ ಕಾಗದ ಬಿಚ್ಚಿಟ್ಟು, ಅರ್ಧ ತಿಂದು, ಅವಳು ಕೈ ತೊಳೆಯಲು ಕಾರಂಜಿಯತ್ತ ಹೋದಳು. ತಿರುಗಿ ನೋಡುವಾಗ ಅಣ್ಣನ ಕೆನ್ನೆ ಉಬ್ಬಿತ್ತು. ಉಳಿದರ್ಧ ಅವನ ಕೈಯಲ್ಲಿತ್ತು. ಕಣ್ಣು ಮುಚ್ಚಿಕೊಂಡು, ಅವಸರವೇ ಇಲ್ಲದವನಂತೆ ಅಗಿಯುತ್ತಿದ್ದ.

ಅವಳು ಓಡಿಬಂದು ಅವನ ಗಲ್ಲದ ಕೆಳಗೆ ಅಂಗೈ ಒಡ್ಡಿದಳು. "ಡೊನಾಟೊ, ಉಗುಳು. ನನ್ ಕೈಗೇ ಉಗುಳು."

ಅವನು ಇಲ್ಲವೆಂದು ತಲೆಯಾಡಿಸಿದ. ಅವಳ ಮಣಿಕಟ್ಟನ್ನು ಹಿಡಿದು ಬದಿಗೆ ಸರಿಸಿದ. ಆ ಒಣಗಿದ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ಅವಳು ಎಣಿಸಿರಲಿಲ್ಲ. ಕತ್ತಿನ ನರಗಳೆಲ್ಲ ಎದ್ದು ನಿಂತವು. ನುಂಗಿದ. ಇನ್ನೊಂದು ಸಲ ಕಚ್ಚಿದ.

ಆಮೇಲೆ ಕೆಮ್ಮು ಬಂತು. ಮುಖ ನೀಲಿಗಟ್ಟಿತು. ಪಕ್ಕದ ಬೆಂಚಿನವರು ತಮ್ಮ ಊಟ ಬಿಟ್ಟು ಎದ್ದು ಬಂದು ಬೆನ್ನು ಬಡಿದರು, ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಪಾರಿವಾಳಗಳು ಕೆಳಗೆ ಬಿದ್ದ ಬನ್ನಿಗೆ ಮುತ್ತಿಕೊಂಡವು.

ಆಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಜ್ವರ ಇಳಿಯಲಿಲ್ಲ. ಎಚ್ಚರವಿದ್ದಾಗೊಮ್ಮೆ ಮೇನಾ ಅವನ ಕಿವಿಯ ಬಳಿ ಬಾಗಿ, "ಯಾಕೋ ಹಿಂಗ್ ಮಾಡ್ದೆ?" ಎಂದು ಕೇಳಿದಳು. ಮೂಗು ಬಾಯಿಗೆ ಮುಚ್ಚಿದ್ದ ಮಾಸ್ಕಿನೊಳಗಿಂದ ಅವನು, "ಹಸಿವಾಗಿತ್ತು," ಅಂದ. ಅಷ್ಟೇ. ವಾರ ತುಂಬುವ ಮೊದಲೇ ತೀರಿಕೊಂಡ.

ಅವನು ಹೋದ ಬೆಳಿಗ್ಗೆ ಇಬ್ಬರು ಹೆಂಗಸರೂ ಕಾರಿಡಾರಿನಲ್ಲಿ ಕೂತಿದ್ದರು. ಲೊರೇನ್ ಇನ್ನೂ ಲಾಂಡ್ರಿಯ ಅಂಗಿಯಲ್ಲೇ ಇದ್ದಳು. ಗೋಡೆ ನೋಡುತ್ತ ಕೇಳಿದಳು, "ಅವನ ಮುಖ ಹ್ಯಾಗಿತ್ತು? ತಿನ್ನೋವಾಗ."

ಮೇನಾ ಸುಳ್ಳು ಹೇಳಬಹುದಿತ್ತು. "ಕಣ್ಣು ಮುಚ್ಕೊಂಡಿದ್ದ," ಅಂದಳು. "ಊಟದ ಹೊತ್ತಲ್ಲಿ ಮೊದಲು ಹ್ಯಾಗಿರ್ತಿದ್ನೋ, ಹಾಗೇ ಇದ್ದ. ಖುಷಿಯಾಗಿದ್ದ, ಲೊರೇನ್."

ಲೊರೇನ್ ಎದ್ದು ಕೋಟು ಹಾಕಿಕೊಂಡಳು. ಕೊರಳ ಗುಂಡಿ ಸಿಗದೆ ತಡಕಾಡಿದಳು. ಮೇನಾ ಅಭ್ಯಾಸಬಲದಿಂದ ಕೈಚಾಚಿ ಗುಂಡಿ ಹಾಕಿಕೊಟ್ಟಳು.

"ತಿಂಗಳುಗಟ್ಲೆ ನಾನು ಅವನನ್ನ ಉಪವಾಸ ಹಾಕಿ ಕಾಪಾಡ್ದೆ," ಅಂದಳು ಲೊರೇನ್. "ಖುಷಿಯೆಲ್ಲಾ ನೀನು ನೋಡ್ದೆ. ನೀನು ಕೊಡಲಿಲ್ಲ ಅಂತ ನಂಗೊತ್ತು. ಆದ್ರೂ ಇನ್ನು ನಮ್ಮನೆಗೆ ಬರಬೇಡ."

ಮಣ್ಣು ಮಾಡುವ ದಿನ ಮೇನಾ ಚರ್ಚಿನ ಕೊನೆಯ ಸಾಲಿನಲ್ಲಿ ಕೂತಳು. ಚಳಿಗಾಲದಲ್ಲಿ ಲೊರೇನ್ ಮನೆ ಮಾರಿ ನ್ಯೂಜೆರ್ಸಿಯ ಅಕ್ಕನ ಬಳಿಗೆ ಹೋದಳು. ಹೋಗುವಾಗ, ಮೇನಾ ಅಲ್ಲಿ ಬಿಟ್ಟಿದ್ದ ಹೊಲಿಗೆ ಸಾಮಾನನ್ನೆಲ್ಲ ಒಪ್ಪವಾಗಿ ಪೆಟ್ಟಿಗೆಗೆ ತುಂಬಿ, ಬಾಗಿಲು ತಟ್ಟದೆ, ಅವಳ ಮನೆಯ ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದಳು.