ದನಿಗೆ ಹಾಕಿದ ಬೀಗ

"ಕೈ ಇಡಬೇಡಿ ಭಾವ, ವೈರ್ ಅಲ್ಲಾಡಿದ್ರೆ ಫೋನ್ ಕಥೆ ಮುಗೀತು," ಎಂದ ಬಾಮೈದ, ಲ್ಯಾಪ್‌ಟಾಪಿನಿಂದ ಕಣ್ಣು ಕೀಳದೆ.

ಕಹಳೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನಿಗೆ ಅಲ್ಲಿಯವರೇ ಇಟ್ಟ ಹೆಸರು ಅದು. ಅವನು ಅಟ್ಟಣೆ ಹತ್ತಿ ಬಾಯಿ ತೆರೆದರೆ ಗೇಟಿನಾಚೆ ಲಾರಿಯಲ್ಲಿ ಮಲಗಿದ್ದ ಡ್ರೈವರುಗಳು ಎದ್ದು ಕೂರುತ್ತಿದ್ದರು. ಗಂಟಲಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು ವೈದ್ಯರು ಧ್ವನಿಪೆಟ್ಟಿಗೆಯನ್ನೇ ಕಿತ್ತು ತೆಗೆದರು. ಈಗ ಕೊರಳಲ್ಲಿ ಒಂದು ತೂತು, ಅದರ ಮುಂದೆ ತೆಳುಬಟ್ಟೆ. ಹೆಸರನ್ನು ಮಾತ್ರ ಯಾರೂ ವಾಪಸು ಪಡೆಯಲಿಲ್ಲ.

ಹಾಗೆಂದು ದನಿ ಪೂರ್ತಿ ಹೋಗಿರಲಿಲ್ಲ. ಆಪರೇಷನ್ನಿಗೆ ಮೊದಲು ಆಸ್ಪತ್ರೆಯ ಮಾತಿನ ಟೀಚರಮ್ಮ ಅವನ ಫೋನಿಗೆ, ಗುಂಡಿ ಒತ್ತಿದರೆ ಹೇಳಿಟ್ಟ ಮಾತು ಕೇಳಿಸುವ ಒಂದು ಆ್ಯಪ್ ಹಾಕಿಕೊಟ್ಟು, "ಏನೇನ್ ಹೇಳ್ಬೇಕು ಅನ್ಸುತ್ತೋ ಎಲ್ಲಾ ಈಗ್ಲೇ ಹೇಳಿಟ್ಕೊಳ್ಳಿ," ಎಂದಿದ್ದಳು. ಬಚ್ಚಲಿನ ಬಾಗಿಲು ಹಾಕಿಕೊಂಡು, ಉಗುಳು ನುಂಗಿದರೂ ಉರಿಯುವ ಗಂಟಲಲ್ಲಿ ಅವನು ಎಲ್ಲವನ್ನೂ ಹೇಳಿಟ್ಟ. ಇದ್ದಬದ್ದ ತರಕಾರಿಗಳ ಹೆಸರು, ದರಗಳು, "ಇನ್ಯಾರಪ್ಪಾ ಮೇಲೆ?", "ಕೋಸು ಕೊಳ್ಳೋಕ್ ಬಂದ್ರಾ, ನನ್ ಮುಖ ನೋಡೋಕ್ ಬಂದ್ರಾ?" ಮನೆಗೆಂದೂ ಕೆಲವು ಮಾತುಗಳಿದ್ದವು. "ಎದುರಾಡಿದ್ರೆ ನಿನ್ನನ್ನೇ ಹರಾಜಿಗೆ ಹಾಕ್ತೀನಿ ನೋಡೇ" ಎನ್ನುವುದನ್ನು ಹೆಂಡತಿ ಪಾತ್ರೆ ತೊಳೆಯುತ್ತಾ ಕೇಳಿ ಕೇಳಿ ಒತ್ತಿಸುತ್ತಿದ್ದಳು. ಇಬ್ಬರೂ ನಗುತ್ತಿದ್ದರು, ಅವನ ನಗುವಿಗೆ ಸದ್ದಿರಲಿಲ್ಲ ಅಷ್ಟೆ. ಒಂದು ಪ್ರತಿಯನ್ನು ಇಂಟರ್ನೆಟ್ಟಿಗೂ ಹಾಕಿಡೋಣವೇ ಎಂದು ಆಪರೇಷನ್ನಿನ ಹಿಂದಿನ ದಿನ ಟೀಚರಮ್ಮ ಕೇಳಿದಾಗ ಮಾತ್ರ, "ಬೇಡಮ್ಮ, ನನ್ ಗಂಟಲನ್ನ ಕಂಡೋರ ಕೈಗೆ ಕೊಡಲ್ಲ," ಎಂದುಬಿಟ್ಟಿದ್ದ.

ಮಾರುಕಟ್ಟೆಯ ಯಜಮಾನ ಸೋಮವಾರ ಬಾ ಎಂದಿದ್ದ. ಫೋನಿನಿಂದಲೇ ಕೂಗಿ ತೋರಿಸಿದರೆ ಹಳೆಯ ಕೆಲಸ ಮತ್ತೆ ಅವನದೇ. ತೊಂದರೆಯೆಂದರೆ ಫೋನಿನ ಸದ್ದು ಅಡುಗೆಮನೆ ದಾಟುತ್ತಿರಲಿಲ್ಲ. ಅದಕ್ಕೇ ಭಾನುವಾರ ಬೆಳಗ್ಗೆ ಬಾಮೈದ ಲ್ಯಾಪ್‌ಟಾಪ್ ಹೊತ್ತು ಬಂದಿದ್ದ. ಚಾರ್ಜರ್ ಮಾರುವ ಅಂಗಡಿಯಲ್ಲಿ ಕೂತು ವಿಡಿಯೋ ನೋಡಿ ಕಲಿತ ವಿದ್ಯೆ ಅವನದು. ಅಲ್ಪವಿದ್ಯಾ ಮಹಾಗರ್ವಿ ಎನ್ನುವುದನ್ನು ಅವನ ಅಕ್ಕನಿಗೆ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಕಂಪನಿಯೋರು ದನಿಗೆ ಬೀಗ ಹಾಕಿದ್ದಾರೆ ಭಾವ. ರೂಟ್ ಮಾಡಿದ್ರೆ ಫೋನಿಗೆ ನಾವೇ ಯಜಮಾನ್ರು. ಎಷ್ಟ್ ಬೇಕಾದ್ರೂ ಏರಿಸ್ಬಹುದು."

ಕಹಳೆ ಸ್ಲೇಟಿನಲ್ಲಿ ಬರೆದು ಹಿಡಿದ: ನನ್ನ ಮಾತುಗಳು?

"ಅವುಕ್ಕೇನಾಗುತ್ತೆ? ಮೊದ್ಲು ಹೊಸ ರಿಕವರಿ ಸಾಫ್ಟ್‌ವೇರ್ ಹಾಕ್ತೀನಿ. ಅದ್ರೊಳಗಿಂದ ಇಡೀ ಫೋನನ್ನೇ ಬ್ಯಾಕಪ್ ತೆಗೆದಿಡೋದು. ಆಮೇಲೆ ಏನೇ ಹೆಚ್ಚುಕಮ್ಮಿ ಆದ್ರೂ ವಾಪಸ್ ತುಂಬಿದ್ರಾಯ್ತು. ಬ್ಯಾಕಪ್ ಇಲ್ದೆ ನಾನು ರೂಟ್ ಮಾಡೋನೇ ಅಲ್ಲ."

ರಿಕವರಿ ಹಾಕಲು ಮೊದಲು ಫೋನಿನ ಬೀಗ ತೆಗೆಯಬೇಕಿತ್ತು. ಪರದೆಯ ಮೇಲೆ ಎಚ್ಚರಿಕೆಯ ಗುರುತು, ಕೆಳಗೆ ಒಂದಷ್ಟು ಇಂಗ್ಲಿಷು ಮೂಡಿತು. ಕಹಳೆ ಅದರತ್ತ ಬೆರಳು ತೋರಿದ. "ಅದು ಎಲ್ರನ್ನೂ ಹಂಗೇ ಹೆದರ್ಸುತ್ತೆ," ಎಂದು ಬಾಮೈದ ಗುಂಡಿ ಒತ್ತಿದ. ಫೋನು ಕಪ್ಪಾಯಿತು, ಮತ್ತೆ ಬೆಳಗಿತು. ರಿಕವರಿ ಕೂತಿತು. ಬ್ಯಾಕಪ್ಪಿನ ಪಟ್ಟಿ ನಿಧಾನವಾಗಿ ತುಂಬಿತು. ಬಾಮೈದ ಮೈಮುರಿದು, ಕಾಫಿ ಕೇಳಿದ.

ಫೋನು ತೆರೆದಾಗ, ಭಾಷೆ ಆರಿಸಿಕೊಳ್ಳಿ ಎಂದಿತು.

ಬಾಮೈದನ ಕಾಫಿ ಆರಿತು. ಬೀಗ ತೆಗೆದ ಕೂಡಲೇ ಫೋನು ತನ್ನೊಳಗಿನದನ್ನೆಲ್ಲ ಅಳಿಸಿಹಾಕುತ್ತದೆ ಎಂದೇ ಆ ಇಂಗ್ಲಿಷು ಹೇಳುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅವನು ಖಾಲಿ ಫೋನನ್ನು ಬಲು ಜೋಪಾನವಾಗಿ ಬ್ಯಾಕಪ್ ಮಾಡಿದ್ದ. ಅದನ್ನು ವಾಪಸು ತುಂಬಿ ನೋಡಿದ. ಖಾಲಿಯೇ ಬಂತು.

ಕಹಳೆ ಎದ್ದು ಅವನ ಕತ್ತಿನಪಟ್ಟಿ ಹಿಡಿದ. ಬಾಯಿ ದೊಡ್ಡದಾಗಿ ತೆರೆಯಿತು, ಕೊರಳಿನ ಬಟ್ಟೆ ಫಡಫಡ ಎಂದಿತು, ಬೇರೇನೂ ಹೊರಡಲಿಲ್ಲ. ಹೆಂಡತಿ ನಡುವೆ ನುಗ್ಗಿ ತಮ್ಮನನ್ನು ಬಿಡಿಸಿಕೊಂಡಳು.

"ಬೇಕೂಂತ ಮಾಡಿದ್ನಾ ಅವನು? ರಜಾ ದಿನ ನಿಮಗೋಸ್ಕರ ಬಂದ. ನನಗೂ ಹೊಟ್ಟೆ ಉರಿಯುತ್ತೆ, ಹಂಗಂತ ಕೊಲೆ ಮಾಡ್ಲಾ?" ಎಂದವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬೇರೆ ಏನಾದ್ರೂ ಹಾಕ್ಕೊಡೋ. ನಾಳೆ ಹೋಗ್ಲೇಬೇಕಲ್ಲ."

ಬಾಮೈದ ಬೇರೊಂದು ಆ್ಯಪ್ ಹಾಕಿಕೊಟ್ಟ. ಟೈಪ್ ಮಾಡಿದ್ದನ್ನು ಓದುವಂಥದ್ದು. ಕನ್ನಡಕ್ಕೆ ಅದರಲ್ಲಿದ್ದದ್ದು ಒಂದೇ ದನಿ, ಹುಡುಗಿಯದು.

ಮರುದಿನ ಅಟ್ಟಣೆಯ ಮೇಲೆ ಯಜಮಾನ ಒಂದು ಸ್ಪೀಕರ್ ಪೆಟ್ಟಿಗೆ ಇಡಿಸಿದ್ದ. ತಾನೇ ಅದರ ವೈರನ್ನು ಫೋನಿಗೆ ಸಿಕ್ಕಿಸುತ್ತಾ, "ಫೋನ್ ಸದ್ದು ಇಲ್ಲಿ ಯಾವ ಮೂಲೆಗೆ ಸಾಲುತ್ತೆ? ಇದನ್ನ ಮೊನ್ನೇನೇ ತರಿಸಿಟ್ಟಿದ್ದೆ," ಎಂದ. ಕಹಳೆ ತಿರುಗಿ, ಜೊತೆಗೆ ಬಂದಿದ್ದ ಬಾಮೈದನನ್ನು ನೋಡಿದ. ಬಾಮೈದ ಕುಂಬಳಕಾಯಿ ರಾಶಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಎಲೆಕೋಸು ಬಂದಿದೆ. ಯಾರು ಕೇಳುತ್ತೀರಿ?" ಎಂದಿತು ಪೆಟ್ಟಿಗೆ, ಸಕ್ಕರೆಯಂಥ ದನಿಯಲ್ಲಿ.

ಹಮಾಲರ ಸಾಲಿನಿಂದ ಯಾರೋ, "ಕೋಸು ಇರ್ಲಿ, ನಿನ್ ರೇಟ್ ಎಷ್ಟಮ್ಮ?" ಎಂದ. ನಗು ಶೆಡ್ಡಿನ ತಗಡಿಗೆ ಬಡಿಯಿತು. ಕಹಳೆಯ ಜೊತೆ ಇಪ್ಪತ್ತು ವರ್ಷ ಚಹಾ ಕುಡಿದವರೂ ಮೂಟೆಗಳ ಮೇಲೆ ಬಿದ್ದು ನಕ್ಕರು. ಅವಮಾನದಿಂದ ಅವನ ಕಿವಿ ಕಾದುಹೋಯಿತು. ಅವನು ಅಕ್ಷರ ಕುಟ್ಟಿದ, ಗುಂಡಿ ಒತ್ತಿದ.

"ನಿಮ್ಮ ಬಾಯಿಗೆ ಮಣ್ಣು ಬೀಳಲಿ," ಎಂದಳು ಹುಡುಗಿ, ಅಷ್ಟೇ ಮುದ್ದಾಗಿ.

ಜನ ಸಿಳ್ಳೆ ಹಾಕಿದರು. ಪಕ್ಕದ ಶೆಡ್ಡಿನ ವ್ಯಾಪಾರಿಗಳೂ ಓಡಿ ಬಂದರು. ಕೋಸಿನ ಬೆಲೆ ಮೇಲೆ ಮೇಲೆ ಹೋಯಿತು.

ಯಜಮಾನ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತಾ ಅವನ ಬೆನ್ನು ತಟ್ಟಿದ. "ನಿನ್ ಕೆಲಸ ಗಟ್ಟಿ ಕಣಯ್ಯ. ಇದೇ ದನಿ ಇರ್ಲಿ, ಬದಲಾಯಿಸ್ಬೇಡ. ಆ ಬೈಗುಳಾನ ದಿನಾ ಒಂದ್ಸಲ ಹಾಕು."

ಹಮಾಲರು ಮುಂದಿನ ಮೂಟೆಯ ಬಾಯಿ ಬಿಚ್ಚಿದರು. ಕಹಳೆ ಬಗ್ಗಿ ನೋಡಿ, ಆಲೂಗಡ್ಡೆ ಎಂದು ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದ. ಜನ ಆಗಲೇ ನಗಲು ಬಾಯಿ ಅಗಲಿಸಿಕೊಂಡು ಕಾಯುತ್ತಿದ್ದರು.